ತೌಡು-ಹಿಂಡಿಯೋ, ಗುಳಿಗೆಯೋ: ಗೆಂಡೆ ಮೀನಿನ ಕರುಳು ನೋಡಿ ಕೊಳದ ಆಹಾರ ಆರಿಸುವ ಬಗೆ

ಗೆಂಡೆ ಜಾತಿಯ ರೋಹು ಮೀನನ್ನು ಹಸನು ಮಾಡುವಾಗ ಹೊಟ್ಟೆಯೊಳಗಿನದನ್ನು ಹಾಗೆಯೇ ಕಸಕ್ಕೆ ಹಾಕದೆ, ಒಮ್ಮೆ ನೀರಿನಲ್ಲಿ ಜಾಲಾಡಿಸಿ ಹಲಗೆಯ ಮೇಲೆ ಬಿಡಿಸಿ ನೋಡಿ. ಸುತ್ತಿಟ್ಟ ದಾರದುಂಡೆಯಂತೆ ಕಾಣುವ ಕರುಳು ಬಿಚ್ಚುತ್ತಾ ಹೋದರೆ ಮೀನಿನ ಮೈಯುದ್ದದ ಹಲವು ಪಟ್ಟು ಚಾಚಿಕೊಳ್ಳುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಹಸಿರು ಬೆರೆತ ಕಂದು ಬಣ್ಣದ ಸರಿ ಹೊರಬರುತ್ತದೆ. ಎಲ್ಲಿ ಹುಡುಕಿದರೂ ಚೀಲದಂಥ ಜಠರ ಮಾತ್ರ ಸಿಗುವುದಿಲ್ಲ. ಅದೇ ಹಲಗೆಯ ಮೇಲೆ ಕೊರವ ಮೀನನ್ನು ಸೀಳಿದರೆ ದಪ್ಪ ಗೋಡೆಯ ಜಠರ, ಕೆಲವೊಮ್ಮೆ ಅದರೊಳಗೆ ಅರ್ಧ ಕರಗಿದ ಪುಟ್ಟ ಮೀನು, ಅದರ ಹಿಂದೆ ಮೈಯುದ್ದಕ್ಕಿಂತಲೂ ಗಿಡ್ಡವಾದ ಕರುಳು ಕಾಣುತ್ತವೆ. ಕೊಳಕ್ಕೆ ಯಾವ ಆಹಾರ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರದ ಮುಕ್ಕಾಲು ಪಾಲು ಈ ಎರಡು ಹೊಟ್ಟೆಗಳ ವ್ಯತ್ಯಾಸದಲ್ಲಿಯೇ ಇದೆ.

ಆದರೆ ನಮ್ಮ ಕಡೆ ಮೀನು ಸಾಕುವವರು ಆಹಾರವನ್ನು ಆರಿಸುವುದು ಬಹುಮಟ್ಟಿಗೆ ಚೀಲದ ಬೆಲೆ ನೋಡಿ, ಇಲ್ಲವೇ ಪಕ್ಕದ ಹೊಲದವರು ಏನು ಹಾಕುತ್ತಾರೆಂಬುದನ್ನು ನೋಡಿ. ಗೊಬ್ಬರ ಹಾಕಿ ನೀರನ್ನೇ ಹಸಿರಾಗಿಸುವುದು, ತೌಡು ಮತ್ತು ಕಡಲೆಕಾಯಿ ಹಿಂಡಿ ಬೆರೆಸಿ ಕೊಡುವುದು, ಕಾರ್ಖಾನೆಯಲ್ಲಿ ಕಾಳಿನಂತೆ ಮಾಡಿದ ಆಹಾರವಾದ ಮುಳುಗುವ ಗುಳಿಗೆ, ತೇಲುವ ಗುಳಿಗೆ, ಹುಲ್ಲು ಇವೆಲ್ಲವೂ ನಮ್ಮ ಮುಂದಿರುವ ಆಯ್ಕೆಗಳು. ಇವುಗಳಲ್ಲಿ ಯಾವುದೂ ಎಲ್ಲ ಕೊಳಗಳಿಗೂ ಒಳ್ಳೆಯದಲ್ಲ, ಯಾವುದೂ ಎಲ್ಲೆಡೆ ಕೆಟ್ಟದ್ದೂ ಅಲ್ಲ. ಮೀನು ಹೇಗೆ ತಿನ್ನುತ್ತದೆ, ತಿಂದದ್ದನ್ನು ಹೇಗೆ ಅರಗಿಸುತ್ತದೆ, ಅರಗಿಸಿದ್ದನ್ನು ಯಾವುದಕ್ಕೆ ಖರ್ಚು ಮಾಡುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಆಯ್ಕೆ ತಾನಾಗಿ ಸಲೀಸಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಬಾಯಿ ಎಲ್ಲಿದೆ, ಊಟ ಎಲ್ಲಿದೆ

ಕಾಟ್ಲಾ ಮೀನಿನ ಬಾಯಿ ಅಗಲವಾಗಿ, ಮೇಲ್ಮುಖವಾಗಿ ತೆರೆದುಕೊಂಡಿದೆ. ಅದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ ಮತ್ತು ಕಿವಿರಿನ ಒಳಭಾಗದಲ್ಲಿರುವ ಬಾಚಣಿಗೆಯಂಥ ಎಳೆಗಳಿಂದ ನೀರನ್ನು ಸೋಸಿ ಮುಖ್ಯವಾಗಿ ಪ್ರಾಣಿಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳನ್ನು, ಹಿಡಿದುಕೊಳ್ಳುತ್ತದೆ. ರೋಹುವಿನ ತುಟಿಗಳಿಗೆ ಅಂಚುಕಟ್ಟಿದಂತೆ ಸಣ್ಣ ಜಾಲರಿಯಿದ್ದು, ಅದು ನಡುನೀರಿನಲ್ಲಿ ಪಾಚಿ, ಕೊಳೆತ ಎಲೆ, ಕಡ್ಡಿಗಳ ಮೇಲೆ ಬೆಳೆದ ಲೋಳೆ ಇವನ್ನೆಲ್ಲ ಮೆಲ್ಲುತ್ತದೆ. ಮೃಗಾಲ್ ತಳದ ಕೆಸರಿನಲ್ಲಿ ಸೇರಿದ ಕೊಳೆತ ವಸ್ತುವನ್ನು ತಿನ್ನುತ್ತದೆ. ಸಾಮಾನ್ಯ ಗೆಂಡೆ ತಳವನ್ನು ಮೂತಿಯಿಂದ ಕೆದಕಿ, ಹುಳು ಮತ್ತು ಕಾಳುಗಳನ್ನು ಆಯ್ದುಕೊಂಡು ಮಣ್ಣನ್ನು ಉಗುಳುತ್ತದೆ. ಬೆಳ್ಳಿ ಗೆಂಡೆಯ ಸೋಸುವ ಎಳೆಗಳು ಒಂದಕ್ಕೊಂದು ಬೆಸೆದು ಸ್ಪಂಜಿನಂತಾಗಿರುವುದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಪ್ಲವಕವೂ (ತೇಲುವ ಪಾಚಿ) ಅದಕ್ಕೆ ದಕ್ಕುತ್ತದೆ. ಹುಲ್ಲು ಗೆಂಡೆಯ ಕೆಲಸ ಹೆಸರಿನಲ್ಲಿಯೇ ಇದೆ.

ಈ ಮೀನುಗಳ ದವಡೆಯಲ್ಲಿ ಹಲ್ಲಿಲ್ಲ. ಹಲ್ಲು ಇರುವುದು ಗಂಟಲಿನಲ್ಲಿ. ಸಾಮಾನ್ಯ ಗೆಂಡೆಯ ತಲೆಯನ್ನು ಸಾರಿಗೆ ಬೇಯಿಸಿದ ಮೇಲೆ ಕಿವಿರಿನ ಹಿಂದಿನ ಬಾಗಿದ ಮೂಳೆಯನ್ನು ಬಿಡಿಸಿ ತೆಗೆದರೆ, ನಮ್ಮ ದವಡೆಹಲ್ಲಿನಂತೆಯೇ ಚಪ್ಪಟೆಯಾದ, ಗೀರು ಬಿದ್ದ ಪುಟ್ಟ ಹಲ್ಲುಗಳು ಕೈಗೆ ಸಿಗುತ್ತವೆ. ಮೇಲೆ ಗಟ್ಟಿಯಾದ ಮೆತ್ತೆಯೊಂದಿದ್ದು, ಅದಕ್ಕೆ ಒತ್ತಿ ಕಾಳನ್ನು ಅರೆಯುವುದೇ ಈ ಹಲ್ಲುಗಳ ಕೆಲಸ. ಹುಲ್ಲು ಗೆಂಡೆಯ ಗಂಟಲ ಹಲ್ಲುಗಳಿಗೆ ಗರಗಸದಂಥ ಅಂಚಿದೆ. ಕಾಟ್ಲಾ, ರೋಹು, ಮೃಗಾಲ್ ಮೂರನ್ನೇ ಬಿಡುವವರು ಸಾಮಾನ್ಯವಾಗಿ 4:3:3 ಪ್ರಮಾಣದಲ್ಲಿ ಬಿಡುವುದು ನೀರಿನ ಮೂರೂ ಪದರದ ಊಟ ಖರ್ಚಾಗಲಿ ಎಂದೇ. ಹಾಗಿರುವಾಗ ಹೊರಗಿನಿಂದ ಕೊಡುವ ಆಹಾರ ಒಂದೇ ಪದರಕ್ಕೆ ಸೇರುವಂಥದ್ದಾದರೆ ಉಳಿದ ಎರಡು ಪದರದವು ಹಸಿದಿರುತ್ತವೆ, ಇಲ್ಲವೇ ಕೊಳದ ಸಹಜ ಆಹಾರವನ್ನಷ್ಟೇ ನೆಚ್ಚಿಕೊಳ್ಳುತ್ತವೆ.

ಜಠರವಿಲ್ಲದ ಮೀನಿನ ಪಚನ

ಗೆಂಡೆ ಜಾತಿಯ ಮೀನುಗಳಿಗೆ ಜಠರವಿಲ್ಲ ಎಂದರೆ ಜಠರದ ಆಮ್ಲವೂ ಇಲ್ಲ, ಆ ಆಮ್ಲದಲ್ಲಿ ಕೆಲಸ ಮಾಡುವ ಪೆಪ್ಸಿನ್ ಎಂಬ ಕಿಣ್ವವೂ ಇಲ್ಲ ಎಂದರ್ಥ. ಗಂಟಲಿನಲ್ಲಿ ಅರೆದ ಆಹಾರ ನೇರವಾಗಿ ಕರುಳಿಗೆ ಇಳಿಯುತ್ತದೆ. ಅಲ್ಲಿ ಪಿತ್ತರಸ, ಮೇದೋಜೀರಕದ ಟ್ರಿಪ್ಸಿನ್, ಪಿಷ್ಟವನ್ನು ಒಡೆಯುವ ಅಮೈಲೇಸ್, ಕೊಬ್ಬನ್ನು ಒಡೆಯುವ ಲೈಪೇಸ್ ಇವುಗಳ ಸಹಾಯದಿಂದ, ಆಮ್ಲರಹಿತ ವಾತಾವರಣದಲ್ಲಿ ಪಚನ ನಡೆಯುತ್ತದೆ. ಇದರಿಂದ ಸಾಕುವವರಿಗೆ ಎರಡು ನೇರವಾದ ಪಾಠಗಳಿವೆ.

ಮೊದಲನೆಯದು ಹೊತ್ತಿನದು. ಜಠರವೆಂದರೆ ಉಗ್ರಾಣ. ಕೊರವವಾಗಲಿ ಪಂಗಾಸಿಯಸ್ ಎಂಬ ಬೆಕ್ಕುಮೀನಾಗಲಿ ಒಮ್ಮೆ ಹೊಟ್ಟೆ ತುಂಬಿಸಿಕೊಂಡು ನಿಧಾನವಾಗಿ ಕರಗಿಸಿಕೊಳ್ಳಬಲ್ಲವು. ಗೆಂಡೆಗೆ ಆ ಉಗ್ರಾಣವಿಲ್ಲ. ಬೆಚ್ಚಗಿನ ನೀರಿನಲ್ಲಿ ಅದರ ಕರುಳಿಗೆ ಬಂದದ್ದು ಕೆಲವೇ ಗಂಟೆಗಳಲ್ಲಿ ಹೊರಹೋಗುತ್ತದೆ, ಮತ್ತು ಒಮ್ಮೆಗೇ ಹೆಚ್ಚು ತಿಂದರೆ ಪೂರ್ತಿ ಅರಗುವ ಮೊದಲೇ ಮುಂದಕ್ಕೆ ಸಾಗಿಬಿಡುತ್ತದೆ. ಆದ್ದರಿಂದ ಅದೇ ಐದು ಕೆ.ಜಿ. ಆಹಾರವನ್ನು ಬೆಳಗಿನ ಒಂದೇ ಹೊತ್ತಿಗೆ ಸುರಿಯುವುದಕ್ಕಿಂತ, ಬಿಸಿಲೇರಿದ ಮೇಲೆ ಒಮ್ಮೆ, ಮಧ್ಯಾಹ್ನ ಮೂರು-ನಾಲ್ಕು ಗಂಟೆಗೆ ಇನ್ನೊಮ್ಮೆ ಕೊಟ್ಟರೆ ಮೈಗೆ ಹತ್ತುವುದು ಹೆಚ್ಚು.

ಎರಡನೆಯದು ರಂಜಕದ ವಿಚಾರ, ಇದನ್ನು ಗಮನಿಸುವವರು ಕಡಿಮೆ. ತೌಡಿನಲ್ಲಿ ಮತ್ತು ಹಿಂಡಿಯಲ್ಲಿ ಇರುವ ರಂಜಕದ ಬಹುಭಾಗ ಫೈಟೇಟ್ ರೂಪದಲ್ಲಿ ಬೀಗ ಹಾಕಿದಂತಿರುತ್ತದೆ. ಮೀನಿನ ಪುಡಿಯಲ್ಲಿರುವ ರಂಜಕ ಮೂಳೆಯ ರೂಪದಲ್ಲಿದ್ದು, ಅದು ಕರಗಬೇಕಾದರೆ ಆಮ್ಲ ಬೇಕು. ಆಮ್ಲವೇ ಇಲ್ಲದ ಗೆಂಡೆಗೆ ಇವೆರಡೂ ಸರಿಯಾಗಿ ದಕ್ಕುವುದಿಲ್ಲ. ಚೀಲದ ಮೇಲೆ ರಂಜಕದ ಪ್ರಮಾಣ ಎಷ್ಟೇ ಬರೆದಿದ್ದರೂ, ಅದು ಮಾನೋಕ್ಯಾಲ್ಸಿಯಂ ಫಾಸ್ಫೇಟಿನಂತೆ ಸುಲಭವಾಗಿ ಕರಗುವ ರೂಪದಲ್ಲಿದೆಯೇ ಎಂದು ವಿಚಾರಿಸುವುದು ಗೆಂಡೆ ಸಾಕುವವರಿಗೆ ಅಗತ್ಯ. ದಕ್ಕದ ರಂಜಕ ಹಿಕ್ಕೆಯ ಮೂಲಕ ನೀರಿಗೇ ಸೇರಿ, ಬೇಡದ ಹೊತ್ತಿನಲ್ಲಿ ಪಾಚಿಯನ್ನು ಹೆಚ್ಚಿಸುತ್ತದೆ.

ಜಿಲೇಬಿ (ತಿಲಾಪಿಯಾ) ಮೀನಿನದು ಇದಕ್ಕೆ ತದ್ವಿರುದ್ಧ. ಅದರ ಜಠರದ ಆಮ್ಲ ಬಹಳ ತೀಕ್ಷ್ಣವಾಗಿದ್ದು, ಪಾಚಿಯ ಜೀವಕೋಶದ ಗೋಡೆಯನ್ನೇ ಒಡೆಯಬಲ್ಲದು. ಹಸಿರು ನೀರಿನಲ್ಲಿ ಜಿಲೇಬಿ ಸೊಂಪಾಗಿ ಬೆಳೆಯುವುದಕ್ಕೆ ಅದೂ ಒಂದು ಕಾರಣ.

ತಿಂದದ್ದು ಎಲ್ಲಿ ಖರ್ಚಾಗುತ್ತದೆ

ಮೀನು ತನ್ನ ಮೈಯನ್ನು ಬೆಚ್ಚಗಿಟ್ಟುಕೊಳ್ಳಲು ಶಕ್ತಿ ವ್ಯಯಿಸುವುದಿಲ್ಲ. ಸುತ್ತಲಿನ ನೀರಿನ ಶಾಖವೇ ಅದರ ಮೈಶಾಖ. ನೀರೇ ಅದರ ಭಾರ ಹೊರುವುದರಿಂದ ನಿಲ್ಲುವುದಕ್ಕೆಂದು ಬೇರೆ ಶ್ರಮವಿಲ್ಲ. ಪ್ರೋಟೀನ್ ಒಡೆದಾಗ ಉಳಿಯುವ ಸಾರಜನಕವನ್ನು ಯೂರಿಯಾ ಆಗಿ ಮಾರ್ಪಡಿಸುವ ಗೋಜಿಗೆ ಹೋಗದೆ, ಬಹುಪಾಲನ್ನು ಅಮೋನಿಯಾ ರೂಪದಲ್ಲಿಯೇ ಕಿವಿರಿನ ಮೂಲಕ ಹೊರಬಿಡುತ್ತದೆ. ಈ ಮೂರು ಉಳಿತಾಯಗಳಿಂದಾಗಿ ಕೋಳಿ, ಕುರಿ, ದನಗಳಿಗಿಂತ ಮೀನು ಕಡಿಮೆ ಆಹಾರದಲ್ಲಿ ಹೆಚ್ಚು ಮೈದುಂಬಿಕೊಳ್ಳುತ್ತದೆ. ಆದರೆ ಆ ಅಮೋನಿಯಾ ಹೋಗುವುದು ಮೀನು ಉಸಿರಾಡುವ ಅದೇ ನೀರಿಗೆ ಎಂಬುದನ್ನು ಮರೆಯಬಾರದು. ಪಾಚಿ ದಟ್ಟವಾದ ಕೊಳದಲ್ಲಿ ಬಿಸಿಲಿನ ಹೊತ್ತಿಗೆ ನೀರಿನ ಕ್ಷಾರಗುಣ ಏರಿದಾಗ ಅದೇ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ.

ಆಹಾರದಲ್ಲಿರುವ ಶಕ್ತಿಯನ್ನು ಅಳೆದರೆ ಒಂದು ಗ್ರಾಂ ಪ್ರೋಟೀನಿನಲ್ಲಿ ಸುಮಾರು 5.6, ಕೊಬ್ಬಿನಲ್ಲಿ 9.4, ಪಿಷ್ಟದಲ್ಲಿ 4.1 ಕಿಲೋಕ್ಯಾಲೊರಿಗಳಿರುತ್ತವೆ. ಮೀನು ಈಜುವುದಕ್ಕೆ, ಉಸಿರಾಡುವುದಕ್ಕೆ ಬೇಕಾದ ಶಕ್ತಿಯನ್ನು ಪಿಷ್ಟ ಮತ್ತು ಕೊಬ್ಬಿನಿಂದ ಪಡೆದರೆ ಪ್ರೋಟೀನ್ ಮಾಂಸವಾಗಲು ಉಳಿಯುತ್ತದೆ. ಅವೆರಡೂ ಸಾಲದೆ ಹೋದರೆ ದುಬಾರಿ ಪ್ರೋಟೀನನ್ನೇ ಸೌದೆಯಂತೆ ಉರಿಸಿಕೊಳ್ಳುತ್ತದೆ. ಹಿಂಡಿ ಹೆಚ್ಚಾದಷ್ಟೂ ಮೀನು ದಪ್ಪವಾಗುತ್ತದೆ ಎಂದು ಬರಿಯ ಹಿಂಡಿಯನ್ನೇ ನೆನೆಸಿ ಹಾಕುವವರು ಈ ಮಾತನ್ನು ಗಮನಿಸಬೇಕು.

ಉಂಡ ಮೇಲೆ ಅರಗಿಸುವುದಕ್ಕೂ ಶಕ್ತಿ ಬೇಕು, ಶಕ್ತಿ ಹೊರಬರಲು ಆಮ್ಲಜನಕ ಬೇಕು. ಹಾಗಾಗಿ ಆಹಾರ ಕೊಟ್ಟ ನಂತರದ ಕೆಲವು ಗಂಟೆ ಮೀನಿನ ಆಮ್ಲಜನಕದ ಬಳಕೆ ಏರುತ್ತದೆ. ಕೊಳದಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಾಗುವುದು ಮುಂಜಾನೆ, ಸೂರ್ಯ ಮೂಡುವ ಸ್ವಲ್ಪ ಮೊದಲು. ಒಂದು ಮಳೆಗಾಲದಲ್ಲಿ ಮೂರು ದಿನ ಮೋಡ ಕವಿದಿದ್ದಾಗ, ಹಗಲು ಆಹಾರ ಹಾಕಲಾಗಲಿಲ್ಲವೆಂದು ಸಂಜೆ ಆರು ಗಂಟೆಯ ಮೇಲೆ ಎರಡು ಹೊತ್ತಿನದನ್ನೂ ಒಟ್ಟಿಗೆ ಹಾಕಿದ್ದೆ. ಮರುದಿನ ನಸುಕಿನಲ್ಲಿ ಹೋಗಿ ನೋಡಿದರೆ ಕೊಳದ ತುಂಬ ಮೀನುಗಳು ಮೇಲಕ್ಕೆ ಬಂದು, ನೀರಿನ ಅಂಚಿಗೆ ಬಾಯಿಟ್ಟು ಗಾಳಿ ಗುಟುಕರಿಸುತ್ತಿದ್ದವು. ದೊಡ್ಡ ಕಾಟ್ಲಾಗಳು ಆಗಲೇ ಮಗ್ಗುಲಾಗಿದ್ದವು. ಸಣ್ಣವು ಉಳಿದವು, ಮಾರಾಟಕ್ಕೆ ಬಂದಿದ್ದವೇ ಹೋದವು. ನೀರಿನಲ್ಲಿ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಮೇಲಿದ್ದರೆ ಮೀನು ಚೆನ್ನಾಗಿ ತಿನ್ನುತ್ತದೆ. 3ಕ್ಕಿಂತ ಕೆಳಗಿಳಿದಾಗ ಯಾವ ಆಹಾರ ಹಾಕಿದರೂ ಅದು ಮೀನಿಗೆ ಹೊರೆಯೇ ಹೊರತು ಪೋಷಣೆಯಲ್ಲ.

ಶಾಖದ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಗೆಂಡೆಗಳಿಗೆ 25ರಿಂದ 32 ಡಿಗ್ರಿ ಹಿತ. ನೀರು 20 ಡಿಗ್ರಿಯ ಆಸುಪಾಸಿಗೆ ತಣ್ಣಗಾದರೆ ಹಸಿವೂ ಕುಗ್ಗುತ್ತದೆ, ಕಿಣ್ವಗಳ ವೇಗವೂ ಕುಗ್ಗುತ್ತದೆ. ಡಿಸೆಂಬರ್-ಜನವರಿಯ ಚಳಿಯಲ್ಲಿ ನವೆಂಬರಿನ ಅಳತೆಯನ್ನೇ ಮುಂದುವರಿಸಿದರೆ ಹೆಚ್ಚುವರಿಯೆಲ್ಲ ತಳ ಸೇರಿ ಕೊಳೆಯುತ್ತದೆ.

ಆಯ್ಕೆಗಳನ್ನು ಎದುರುಬದುರು ಇಟ್ಟು ನೋಡಿದರೆ

ಗೊಬ್ಬರದಿಂದ ಬೆಳೆಸುವ ಪ್ಲವಕವೇ ಅತ್ಯಂತ ಅಗ್ಗದ ಆಹಾರ, ಮತ್ತು ಕಾಟ್ಲಾ, ಬೆಳ್ಳಿ ಗೆಂಡೆಗಳ ಬಾಯಿಗೆ ಅದಕ್ಕಿಂತ ಹೊಂದುವ ಆಹಾರ ಬೇರೊಂದಿಲ್ಲ. ಪ್ರಾಣಿಪ್ಲವಕದ ಒಣ ತೂಕದಲ್ಲಿ ಪ್ರೋಟೀನ್ ಸಮೃದ್ಧವಾಗಿದ್ದು, ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳ ಹೊಂದಾಣಿಕೆಯೂ ಹಿಂಡಿಗಿಂತ ಒಳ್ಳೆಯದು. ಹೆಕ್ಟೇರಿಗೆ ವರ್ಷಕ್ಕೆ 10ರಿಂದ 15 ಟನ್ ಹಸಿ ಸಗಣಿಯನ್ನು ಕಂತುಕಂತಾಗಿ ಹಾಕುವುದು ವಾಡಿಕೆ. ಸಾಕೇ ಬೇಕೇ ಎಂದು ತಿಳಿಯಲು ಯಂತ್ರ ಬೇಕಿಲ್ಲ: ತೋಳನ್ನು ಮೊಣಕೈವರೆಗೆ ನೀರಿನಲ್ಲಿ ಇಳಿಸಿ, ಅಂಗೈ ಮಸುಕಾಗಿ ಕಂಡರೆ ಸರಿಯಿದೆ, ಸ್ಪಷ್ಟವಾಗಿ ಕಂಡರೆ ಗೊಬ್ಬರ ಸಾಲದು, ಮಣಿಕಟ್ಟಿನ ಹತ್ತಿರವೇ ಕೈ ಮರೆಯಾದರೆ ಗೊಬ್ಬರ ನಿಲ್ಲಿಸಬೇಕು. ಈ ದಾರಿಯ ಮಿತಿಯೆಂದರೆ ಇಳುವರಿ ಹೆಕ್ಟೇರಿಗೆ ಒಂದರಿಂದ ಎರಡು ಟನ್ನಿನ ಮಟ್ಟದಲ್ಲಿ ನಿಂತುಬಿಡುತ್ತದೆ. ಮೀನು ಬೆಳೆದು ಒಟ್ಟು ತೂಕ ಏರಿದಂತೆ ಪ್ಲವಕ ಹುಟ್ಟುವ ವೇಗ ಅದರ ಹಸಿವಿಗೆ ಸಾಟಿಯಾಗುವುದಿಲ್ಲ.

ತೌಡು-ಹಿಂಡಿ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಆಹಾರ. ತೌಡಿನಲ್ಲಿ ಪ್ರೋಟೀನ್ ಶೇಕಡ 12ರಿಂದ 14, ಕಡಲೆಕಾಯಿ ಹಿಂಡಿಯಲ್ಲಿ ಶೇಕಡ 40ರಿಂದ 45 ಇರುವುದರಿಂದ, ಸಮ ಪಾಲು ಬೆರೆಸಿದರೆ ಗೆಂಡೆಗೆ ಬೇಕಾದ 28-30ರ ಹತ್ತಿರಕ್ಕೆ ಬರುತ್ತದೆ. ಎರಡು ಪಾಲು ತೌಡಿಗೆ ಒಂದು ಪಾಲು ಹಿಂಡಿ ಬೆರೆಸಿದರೆ 22-24ಕ್ಕೆ ಇಳಿಯುತ್ತದೆ, ಆದರೆ ಪ್ಲವಕ ಚೆನ್ನಾಗಿರುವ ಕೊಳದಲ್ಲಿ ಅಷ್ಟೇ ಸಾಕು; ಕೊರತೆಯನ್ನು ಪ್ಲವಕ ತುಂಬುತ್ತದೆ. ಹಿಂಡಿಯಲ್ಲಿ ಲೈಸಿನ್, ಮೆಥಿಯೋನಿನ್ ಎಂಬ ಅಮೈನೋ ಆಮ್ಲಗಳು ಕಡಿಮೆ ಎಂಬುದು ಇದರ ಮೊದಲ ದೋಷ. ಎರಡನೆಯದು ಬೂಷ್ಟು. ಮಳೆಗಾಲದಲ್ಲಿ ತೇವ ಹೀರಿದ ಹಿಂಡಿಯಲ್ಲಿ ಬೆಳೆಯುವ ಶಿಲೀಂಧ್ರದಿಂದ ಅಫ್ಲಾಟಾಕ್ಸಿನ್ ವಿಷ ಸೇರಿ ಮೀನಿನ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಅಂಥ ಹಿಂಡಿಯನ್ನು ಒಣಗಿಸಿ ಹಾಕಿದರೂ ವಿಷ ಹೋಗುವುದಿಲ್ಲ. ಹತ್ತಿಬೀಜದ ಹಿಂಡಿ ಅಗ್ಗವೆಂದು ಪೂರ್ತಿ ಅದಕ್ಕೇ ಹೋಗುವುದೂ ಬೇಡ, ಅದರಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದೆ.

ಮೂರನೆಯ ದೋಷ ಕೊಡುವ ಕ್ರಮಕ್ಕೆ ಸೇರಿದ್ದು. ಒಣ ಪುಡಿಯನ್ನು ದಡದಿಂದ ಎರಚಿದರೆ ತೌಡು ಗಾಳಿಗೆ ಒಂದು ಮೂಲೆಗೆ ಸೇರುತ್ತದೆ, ಹಿಂಡಿ ಕರಗಿ ನೀರಿಗೆ ಹೋಗುತ್ತದೆ. ಇದಕ್ಕೆ ಆಂಧ್ರದ ಕೊಳಗಳಲ್ಲಿ ರೂಢಿಗೆ ಬಂದ ಚೀಲದ ಪದ್ಧತಿ ಒಳ್ಳೆಯ ಪರಿಹಾರ. ತಳದ ಕಡೆ ಬೆರಳು ತೂರುವಷ್ಟು ತೂತುಗಳನ್ನು ಮಾಡಿದ ಚೀಲದಲ್ಲಿ ನೆನೆಸಿದ ಮಿಶ್ರಣವನ್ನು ತುಂಬಿ, ಕೊಳದಲ್ಲಿ ನೆಟ್ಟ ಬಿದಿರಿನ ಗಳಕ್ಕೆ ಅರ್ಧ ಮುಳುಗುವಂತೆ ಕಟ್ಟುತ್ತಾರೆ. ಮೀನುಗಳು ತೂತಿಗೆ ಬಾಯಿ ಹಚ್ಚಿ ಎಳೆದುಕೊಂಡು ತಿನ್ನುವಾಗ ಚೀಲ ಮೆಲ್ಲನೆ ಅಲುಗುವುದನ್ನು ದಡದಲ್ಲಿ ನಿಂತೇ ನೋಡಬಹುದು. ಜಠರವಿಲ್ಲದ ಮೀನಿಗೆ ಬೇಕಾದ ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಎಂಬ ಕ್ರಮ ಇಲ್ಲಿ ತಾನಾಗಿ ಒದಗುತ್ತದೆ. ಗೆಂಡೆಯ ಶರೀರವನ್ನು ಅರಿತೋ ಅನುಭವದಿಂದಲೋ ಈ ಉಪಾಯ ಹೊಳೆದವರಿಗೆ ನಾವು ಋಣಿಗಳು.

ಮುಳುಗುವ ಗುಳಿಗೆ ಎಂದರೆ ಅದೇ ತೌಡು, ಹಿಂಡಿ, ಸೋಯಾ, ಖನಿಜಗಳನ್ನು ಒತ್ತಿ ಮಾಡಿದ್ದು. ತಳದಲ್ಲಿ ತಿನ್ನುವ ಸಾಮಾನ್ಯ ಗೆಂಡೆಗೆ, ಮೃಗಾಲಿಗೆ ಇದು ಹೊಂದುತ್ತದೆ. ತಟ್ಟೆಯಲ್ಲಿ ಇಟ್ಟು ಇಳಿಸದಿದ್ದರೆ ಕೆಸರಿನಲ್ಲಿ ಹೂತು ಹಾಳಾಗುತ್ತದೆ.

ತೇಲುವ ಗುಳಿಗೆಯನ್ನು ಹಬೆ ಮತ್ತು ಒತ್ತಡದಲ್ಲಿ ಬೇಯಿಸಿ ಉಬ್ಬಿಸಿರುತ್ತಾರೆ. ಬೆಂದ ಪಿಷ್ಟ ಹಸಿ ಪಿಷ್ಟಕ್ಕಿಂತ ಚೆನ್ನಾಗಿ ಅರಗುತ್ತದೆ, ಗುಳಿಗೆ ನೀರಿನಲ್ಲಿ ಬೇಗ ಒಡೆಯುವುದಿಲ್ಲ, ಮೀನು ತಿಂದದ್ದೂ ಬಿಟ್ಟದ್ದೂ ಕಣ್ಣಿಗೆ ಕಾಣುತ್ತದೆ. ಈ ಮೂರನೆಯ ಗುಣವೇ ನನ್ನ ಪ್ರಕಾರ ಅತ್ಯಂತ ಬೆಲೆಯುಳ್ಳದ್ದು. ಪಂಗಾಸಿಯಸ್, ಜಿಲೇಬಿ ಮೀನುಗಳು ಇದನ್ನು ಮುಗಿಬಿದ್ದು ತಿನ್ನುತ್ತವೆ. ರೋಹು ಒಂದೆರಡು ವಾರದಲ್ಲಿ ಪಳಗುತ್ತದೆ. ಆದರೆ ಸೋಸಿ ತಿನ್ನುವ ಕಾಟ್ಲಾ ಮತ್ತು ಬೆಳ್ಳಿ ಗೆಂಡೆಗಳಿಗೆ ಗುಳಿಗೆ ಸಹಜವಾದ ತುತ್ತಲ್ಲ. ತೇಲುತ್ತದೆ, ಕಾಟ್ಲಾ ಮೇಲ್ಪದರದ ಮೀನು, ಆದ್ದರಿಂದ ಎರಡೂ ಹೊಂದುತ್ತವೆ ಎಂದು ಭಾವಿಸಿ ಮೋಸಹೋಗುವವರನ್ನು ಕಂಡಿದ್ದೇನೆ. ಅಂಥ ಕೊಳದಲ್ಲಿ ರೋಹು ಉಬ್ಬುತ್ತದೆ, ಕಾಟ್ಲಾ ತಲೆ ಮಾತ್ರ ದೊಡ್ಡದಾಗಿ ಮೈ ಸೊರಗಿರುತ್ತದೆ. ಗುಳಿಗೆಯ ಗಾತ್ರ ಬಾಯಿಗೆ ತಕ್ಕಂತಿರಬೇಕು: ಮರಿಗಳಿಗೆ 2 ಮಿಲಿಮೀಟರ್, ಬೆಳೆದವಕ್ಕೆ 3ರಿಂದ 4.

ಹುಲ್ಲು ಗೆಂಡೆಯನ್ನು ಬಿಟ್ಟವರಿಗೆ ಹುಲ್ಲೇ ಆಹಾರ. ನೇಪಿಯರ್ ಹುಲ್ಲನ್ನು ಸಣ್ಣಗೆ ಕತ್ತರಿಸಿ, ತೇಲುವ ಬಿದಿರಿನ ಚೌಕದೊಳಗೆ ಹಾಕಿದರೆ ಚದುರುವುದಿಲ್ಲ. ಹುಲ್ಲಿನ ನಾರನ್ನು ಒಡೆಯುವ ಕಿಣ್ವ ಮೀನಿನ ಮೈಯಲ್ಲಿ ತಯಾರಾಗುವುದಿಲ್ಲವಾದ್ದರಿಂದ ತಿಂದದ್ದರ ಹೆಚ್ಚುಕಡಿಮೆ ಅರ್ಧ ಹಾಗೆಯೇ ಹೊರಬೀಳುತ್ತದೆ. ಅದು ನಷ್ಟವಲ್ಲ, ಅರೆದು ಮೆತ್ತಗಾದ ಆ ಹಿಕ್ಕೆ ಕೊಳಕ್ಕೆ ಗೊಬ್ಬರವಾಗಿ ಉಳಿದ ಗೆಂಡೆಗಳಿಗೆ ಪ್ಲವಕ ಬೆಳೆಸಿಕೊಡುತ್ತದೆ.

ಬೆಲೆಯ ಲೆಕ್ಕ

ಒಂದು ಕೆ.ಜಿ. ಮೀನು ಬೆಳೆಯಲು ಎಷ್ಟು ಕೆ.ಜಿ. ಆಹಾರ ಬೇಕಾಯಿತು ಎಂಬುದೇ ಆಹಾರ ಪರಿವರ್ತನಾ ಅನುಪಾತ. ತೌಡು-ಹಿಂಡಿಗೆ ಅದು ಸಾಮಾನ್ಯವಾಗಿ 2.5ರಿಂದ 4, ಒಳ್ಳೆಯ ತೇಲುವ ಗುಳಿಗೆಗೆ 1.3ರಿಂದ 2. ಮಿಶ್ರಣ ಕೆ.ಜಿ.ಗೆ 30 ರೂಪಾಯಿ, ಅನುಪಾತ 3 ಎಂದಿಟ್ಟುಕೊಂಡರೆ ಒಂದು ಕೆ.ಜಿ. ಮೀನಿಗೆ ಆಹಾರದ ಖರ್ಚು 90 ರೂಪಾಯಿ. ಗುಳಿಗೆ 45 ರೂಪಾಯಿ, ಅನುಪಾತ 1.6 ಎಂದಿಟ್ಟುಕೊಂಡರೆ 72 ರೂಪಾಯಿ. ಚೀಲದ ಬೆಲೆಯಲ್ಲಿ ಅಗ್ಗವಾದದ್ದು ಮೀನಿನ ಲೆಕ್ಕದಲ್ಲಿ ದುಬಾರಿಯಾಗಬಹುದು. ಆದರೆ ಈ ಅನುಪಾತದಲ್ಲಿ ಮೀನು ಪುಕ್ಕಟೆಯಾಗಿ ತಿಂದ ಪ್ಲವಕವೂ ಅಡಗಿರುತ್ತದೆ. ಹಸಿರು ನೀರಿನ ಕೊಳದಲ್ಲಿ ತೌಡು-ಹಿಂಡಿಯ ಅನುಪಾತ 2ರ ಹತ್ತಿರಕ್ಕೂ ಇಳಿಯಬಲ್ಲದು, ಆಗ ಲೆಕ್ಕ ತಲೆಕೆಳಗಾಗುತ್ತದೆ. ನಿಮ್ಮ ಕೊಳದ ಅನುಪಾತವನ್ನು ನೀವೇ ಬರೆದಿಡದೆ ಮಾರುವವರ ಅಂಕಿಯನ್ನು ನಂಬುವುದು ಸರಿಯಲ್ಲ.

ಯಾವ ಕೊಳಕ್ಕೆ ಯಾವುದು

ಮಳೆ ನೀರು ನಿಲ್ಲುವ, ಆರೇಳು ತಿಂಗಳಲ್ಲಿ ಬತ್ತುವ ಊರಕೆರೆಯಲ್ಲಿ ಗುಳಿಗೆ ಹಾಕುವುದು ವ್ಯರ್ಥ. ನೀರಿನ ಹರವು ದೊಡ್ಡದು, ಮೀನು ವಿರಳ, ಕೆರೆಯಂಗಳದ ಗೋಡುಮಣ್ಣು ಮತ್ತು ದನಕರುಗಳ ಸಗಣಿಯಿಂದ ಸಹಜ ಆಹಾರ ಸಾಕಷ್ಟಿರುತ್ತದೆ. ಅಲ್ಲಿ ಬೇಕಿರುವುದು ದೊಡ್ಡ ಮರಿಗಳನ್ನು ಬಿಡುವುದು, ಸಾಧ್ಯವಾದರೆ ಕೊನೆಯ ಎರಡು ತಿಂಗಳು ತೌಡು-ಹಿಂಡಿಯ ಚೀಲ ಕಟ್ಟುವುದು.

ಸ್ವಂತ ಜಮೀನಿನ ಮಣ್ಣಿನ ಕೊಳ, ವರ್ಷವಿಡೀ ನೀರು, ಮನೆಯಲ್ಲಿ ಹಸುಗಳು ಇದ್ದರೆ ಗೊಬ್ಬರ ಮತ್ತು ತೌಡು-ಹಿಂಡಿಯ ಜೋಡಿಯನ್ನೇ ನಾನು ಮೊದಲು ಸೂಚಿಸುತ್ತೇನೆ. ಕಾಟ್ಲಾ ಪ್ಲವಕದಿಂದ, ರೋಹು ಚೀಲದಿಂದ, ಮೃಗಾಲ್ ಇವೆರಡರ ಉಳಿಕೆಯಿಂದ ಬೆಳೆಯುತ್ತವೆ.

ಪಾಲಿಥೀನ್ ಹಾಳೆ ಹೊದಿಸಿದ ಕೃಷಿ ಹೊಂಡದ ಮಾತು ಬೇರೆ. 2014-15ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯಲ್ಲಿ ಇಂಥ ಹೊಂಡಗಳು ಹೆಚ್ಚಿವೆ, ಅವುಗಳಲ್ಲಿ ಮೀನು ಬಿಡುವವರೂ ಹೆಚ್ಚಿದ್ದಾರೆ. ಹಾಳೆಯ ಮೇಲೆ ಕೆಸರಿಲ್ಲ, ಕೆಸರಿಲ್ಲದಲ್ಲಿ ಹುಳುವಿಲ್ಲ, ಮಣ್ಣಿನಿಂದ ನೀರಿಗೆ ಬಿಡುಗಡೆಯಾಗುವ ಪೋಷಕಾಂಶವೂ ಇಲ್ಲ. ಅಲ್ಲಿ ಮೃಗಾಲ್ ಬಿಟ್ಟರೆ ಅದಕ್ಕೆ ಊಟದ ತಟ್ಟೆಯನ್ನೇ ಕಿತ್ತುಕೊಂಡಂತೆ. ಬೆಳೆಗೆ ನೀರು ಎತ್ತುತ್ತಿರುವುದರಿಂದ ಗೊಬ್ಬರದ ಹಸಿರೂ ನಿಲ್ಲುವುದಿಲ್ಲ. ರೋಹು, ಜಿಲೇಬಿ ಅಥವಾ ಪಂಗಾಸಿಯಸ್ ಮತ್ತು ಪೂರ್ಣ ಪೋಷಕಾಂಶವುಳ್ಳ ತೇಲುವ ಗುಳಿಗೆ, ಇದೊಂದೇ ಅಲ್ಲಿಗೆ ಹೊಂದುವ ದಾರಿ. ಜಿಲೇಬಿಯಾದರೆ ಗಂಡು ಮರಿಗಳನ್ನೇ ಆರಿಸಬೇಕು, ಏಕೆಂದರೆ ಅದು ಎರಡು-ಮೂರು ತಿಂಗಳಿಗೇ ಮರಿಮಾಡಲು ತೊಡಗಿ ತಿಂದ ಶಕ್ತಿಯನ್ನೆಲ್ಲ ಸಂತಾನಕ್ಕೆ ಸುರಿಯುತ್ತದೆ. ಸಾಮಾನ್ಯ ಗೆಂಡೆಯೂ ನಮ್ಮ ಶಾಖದಲ್ಲಿ ವರ್ಷ ತುಂಬುವ ಮೊದಲೇ ಮೊಟ್ಟೆ ಕಟ್ಟುತ್ತದೆ. ಹೊಟ್ಟೆ ಉಬ್ಬಿದ್ದನ್ನು ಕಂಡು ಮೈ ಬಂತೆಂದು ಇನ್ನೂ ಆಹಾರ ಹಾಕುವ ಬದಲು ಆ ಹೊತ್ತಿಗೆ ಹಿಡಿದು ಮಾರುವುದು ಲಾಭ.

ಯಾವುದನ್ನು ಆರಿಸಿದರೂ ಅಳತೆ ತಪ್ಪಬಾರದು. ಹದಿನೈದು ದಿನಕ್ಕೊಮ್ಮೆ ಬಲೆ ಬೀಸಿ ಹತ್ತಿಪ್ಪತ್ತು ಮೀನು ತೂಗಿ ಸರಾಸರಿ ತೆಗೆಯಿರಿ. ಬಿಟ್ಟ 1000 ಮರಿಗಳಲ್ಲಿ 900 ಉಳಿದಿವೆ, ಸರಾಸರಿ 200 ಗ್ರಾಂ ಇವೆ ಎಂದಾದರೆ ಒಟ್ಟು ತೂಕ 180 ಕೆ.ಜಿ.; ಅದರ ಶೇಕಡ 3ರಂತೆ ದಿನಕ್ಕೆ 5.4 ಕೆ.ಜಿ. ಆಹಾರ. ಮರಿಗಳಿದ್ದಾಗ ಶೇಕಡ 5, ಕೆ.ಜಿ. ಸಮೀಪಿಸಿದಾಗ ಶೇಕಡ 2 ಸಾಕು. ಮುಳುಗುವ ಆಹಾರವಾದರೆ ತಟ್ಟೆಯನ್ನು ಎರಡು ಗಂಟೆಯ ನಂತರ ಎತ್ತಿ ನೋಡಿ: ಉಳಿದಿದ್ದರೆ ಮರುದಿನ ಅಷ್ಟನ್ನು ಕಡಿಮೆ ಮಾಡಿ, ನೆಕ್ಕಿದಂತೆ ಬರಿದಾಗಿದ್ದರೆ ಒಂದು ಹಿಡಿ ಹೆಚ್ಚಿಸಿ. ತೇಲುವ ಗುಳಿಗೆ ಹದಿನೈದು-ಇಪ್ಪತ್ತು ನಿಮಿಷದಲ್ಲಿ ಖಾಲಿಯಾಗಬೇಕು. ಹಿಡಿಯುವ ಹಿಂದಿನ ದಿನ ಆಹಾರ ನಿಲ್ಲಿಸಿ. ಕರುಳು ಖಾಲಿಯಿದ್ದ ಮೀನು ಸಾಗಣೆಯಲ್ಲಿ ಬೇಗ ಕೆಡುವುದಿಲ್ಲ.